ಸಹಾಯ ಬೇಕು: ಸಿಇಟಿ ಆಪ್ಷನ್ ಎಂಟ್ರಿ ಒತ್ತಡದಲ್ಲಿ ತಂಗಿ ಕುಗ್ಗಿಹೋಗಿದ್ದಾಳೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ಸಲ ಸಿಇಟಿ ಬರೆದಿದ್ದಾಳೆ. ಕೆಇಎ (ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು, ಶುರುವಾದಾಗಿನಿಂದ ರಾತ್ರಿಯೆಲ್ಲ ಹಳೇ ಕಟಾಫ್ ನೋಡುತ್ತಾ, ಕಾಲೇಜುಗಳ ಕ್ರಮ ಬದಲಿಸುತ್ತಾ ಕೂತಿರುತ್ತಾಳೆ. ಅಣಕು ಸೀಟು ಹಂಚಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಬರಲಿಲ್ಲ ಅಂತ ಊಟವೂ ಸೇರುತ್ತಿಲ್ಲ. ಅದು ಅಂತಿಮವಲ್ಲ, ಆಮೇಲೂ ಆಯ್ಕೆ ಬದಲಿಸಬಹುದು ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ನೆಂಟರ ಫೋನು ಬೇರೆ. ಅಮ್ಮ ಈಗ ಎತ್ತುವುದನ್ನೇ ಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು.

ಚಾಯ್ಸ್ 2 ಒತ್ತಿದರೆ ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು, ಇಂಥ ನಿಯಮಗಳೆಲ್ಲ ನಮಗೆ ಗೊತ್ತು. ಕೇಳಬೇಕಿರುವುದು ಬೇರೆ. ಈ ದಿನಗಳನ್ನು ದಾಟಿದವರೇ, ಮನೆಯವರು ಹೇಗಿದ್ದಾಗ ನಿಮಗೆ ಹಗುರ ಅನಿಸಿತು? ಯಾವ ಮಾತು ನೋಯಿಸಿತು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದವರಿದ್ದರೆ ದಯವಿಟ್ಟು ಅನುಭವ ತಿಳಿಸಿ. ಮೆಸೇಜ್ ಮಾಡಿದರೂ ಸರಿ.