ಡಯಾಲಿಸಿಸ್ ನಡೆಯುತ್ತಿರುವವರಿಗೆ ದವಡೆ ಹಲ್ಲು ಕೀಳಿಸುವುದು: ಯಾವ ದಿನ, ಯಾವ ಮಾತ್ರೆ, ಏನು ಎಚ್ಚರ?

ತುಂಗಾತೀರ (ಪ್ರಶ್ನೆ)

ತಂದೆಯವರಿಗೆ 61 ವರ್ಷ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪಾಳಿಯಲ್ಲಿ ನಾಲ್ಕು ಗಂಟೆ ಹೀಮೋಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಜೋಡಿಸಿದ ರಕ್ತನಾಳ) ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಬಿಪಿಗೆ ಆಮ್ಲೋಡಿಪಿನ್, ಹೃದಯಕ್ಕೆ ಆಸ್ಪಿರಿನ್ 75. ಬಲಗಡೆ ಕೆಳಗಿನ ಮೊದಲ ದವಡೆ ಹಲ್ಲು ಹುಳುಕು ಹಿಡಿದು ಬುಡದವರೆಗೂ ಒಡೆದಿದೆ. ರೂಟ್ ಕೆನಾಲ್ ಮಾಡುವಷ್ಟು ಹಲ್ಲು ಉಳಿದಿಲ್ಲ, ಕೀಳಲೇಬೇಕು ಎಂದಿದ್ದಾರೆ. ಮುಖ ಊದಿಲ್ಲ, ಜ್ವರವಿಲ್ಲ, ಕಚ್ಚಿದರೆ ಮಾತ್ರ ನೋವು.

ದಂತ ವೈದ್ಯರು "ಡಯಾಲಿಸಿಸ್‌ನವರಿಂದ ಚೀಟಿ ತನ್ನಿ" ಅನ್ನುತ್ತಾರೆ. ಡಯಾಲಿಸಿಸ್ ಘಟಕದಲ್ಲಿ "ದಂತ ವೈದ್ಯರು ಏನು ಬೇಕು ಅಂತ ಬರೆದು ಕೊಡಲಿ" ಅನ್ನುತ್ತಾರೆ. ಆ ಚೀಟಿಯಲ್ಲಿ ಏನಿರಬೇಕು? ಯಾವ ದಿನ ಕೀಳಿಸಬೇಕು, ಆಸ್ಪಿರಿನ್ ನಿಲ್ಲಿಸಬೇಕೇ, ನೋವಿಗೆ ಏನು ಕೊಡಬಹುದು, ಮನೆಗೆ ಬಂದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು?

ದವಡೆ_ಸರ್ಜನ್

ನಿಮ್ಮ ವೇಳಾಪಟ್ಟಿಗೆ ಬುಧವಾರ ಬೆಳಿಗ್ಗೆ ಸರಿಯಾದ ಹೊತ್ತು. ಡಯಾಲಿಸಿಸ್ ಮಾಡುವಾಗ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಒಂದರಿಂದ ಒಂದೂವರೆ ಗಂಟೆಗೊಮ್ಮೆ ಅದರ ಬಲ ಅರ್ಧಕ್ಕಿಳಿಯುತ್ತದೆ, ಮರುದಿನ ಬೆಳಿಗ್ಗೆ ಹೊತ್ತಿಗೆ ದೇಹದಲ್ಲಿ ಏನೂ ಉಳಿದಿರುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಿಡ್ನಿ ಕೆಲಸ ನಿಂತವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ವರದಿಯಲ್ಲಿ ಸರಿಯಾಗಿಯೇ ಕಂಡರೂ, ರಕ್ತದಲ್ಲಿ ಸೇರಿಕೊಂಡ ಕಲ್ಮಶದಿಂದ ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಡಯಾಲಿಸಿಸ್ ಆದ ಮರುದಿನ ಆ ಕಲ್ಮಶ ಕಡಿಮೆ ಇರುತ್ತದೆ, ಮೈನೀರೂ ಇಳಿದಿರುತ್ತದೆ, ಕುರ್ಚಿಯಲ್ಲಿ ಒರಗಿಸಿದರೆ ಉಸಿರು ಕಟ್ಟುವುದಿಲ್ಲ. ಹಾಗೆಂದು ಡಯಾಲಿಸಿಸ್ ಮುಗಿದ ದಿನವೇ ಸಂಜೆ ಕರೆದುಕೊಂಡು ಹೋಗಬೇಡಿ. ಸುಸ್ತಿರುತ್ತದೆ, ಬಿಪಿ ಇಳಿದಿರುತ್ತದೆ.

ಶುಕ್ರವಾರವೂ ಲೆಕ್ಕಕ್ಕೆ ಸರಿಯೇ. ಆದರೆ ಶುಕ್ರವಾರ ಕೀಳಿಸಿ ಶನಿವಾರ ರಾತ್ರಿ ರಕ್ತ ಶುರುವಾದರೆ ಭಾನುವಾರ ಯಾವ ಕ್ಲಿನಿಕ್ಕೂ ತೆರೆದಿರುವುದಿಲ್ಲ. ಬುಧವಾರವಾದರೆ ಮುಂದೆ ಮೂರು ದಿನ ಎಲ್ಲರೂ ಕೈಗೆ ಸಿಗುತ್ತಾರೆ.

ಆಸ್ಪಿರಿನ್ 75 ನಿಲ್ಲಿಸಬೇಡಿ. ಒಂದು ಹಲ್ಲಿನ ಗಾಯದಿಂದ ಬರುವ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ಬಿಟ್ಟು ಹೃದಯದ ನಾಳ ಕಟ್ಟಿಕೊಂಡರೆ ಅದನ್ನು ಹಾಗೆ ಸರಿಪಡಿಸಲಾಗದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಅಥವಾ ವಾರ್ಫರಿನ್ ಸಹ ಇದ್ದಿದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಮುಟ್ಟಬಾರದು. ವಾರ್ಫರಿನ್‌ನವರಿಗೆ ಕೀಳುವುದಕ್ಕೆ 24 ಗಂಟೆಯೊಳಗಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಪರೀಕ್ಷೆ) ವರದಿ ಬೇಕು.

ಚೀಟಿಯ ವಿಷಯ. ದಂತ ವೈದ್ಯರಿಗೆ ಬೇಕಾದದ್ದು ಇಷ್ಟು: ಡಯಾಲಿಸಿಸ್ ದಿನಗಳು, ಬಳಸುವುದು ಸಾದಾ ಹೆಪಾರಿನ್ನೋ ಇನಾಕ್ಸಪರಿನ್ನೋ (ಎರಡನೆಯದು ಕಿಡ್ನಿ ಇಲ್ಲದವರಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಆಗ ದಿನದ ಲೆಕ್ಕವೇ ಬದಲಾಗುತ್ತದೆ), ಇತ್ತೀಚಿನ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಪೊಟ್ಯಾಶಿಯಂ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿ, ಫಿಸ್ಟುಲಾ ಯಾವ ಕೈಯಲ್ಲಿದೆ, ಪೂರ್ತಿ ಮಾತ್ರೆ ಪಟ್ಟಿ, ಪ್ಯಾರಾಥೈರಾಯ್ಡ್ ಹಾರ್ಮೋನ್ (ಎಲುಬಿನ ಸುಣ್ಣವನ್ನು ರಕ್ತಕ್ಕೆ ಬಿಡಿಸುವ ಹಾರ್ಮೋನ್) ಮಟ್ಟ. ಹಿಮೋಗ್ಲೋಬಿನ್ ಕೇಳುವುದು ಸುಸ್ತು ತಿಳಿಯಲು ಮಾತ್ರ ಅಲ್ಲ. ಕೆಂಪು ಕಣ ಕಡಿಮೆಯಾದಷ್ಟೂ ಪ್ಲೇಟ್‌ಲೆಟ್‌ಗಳು ನಾಳದ ಗೋಡೆಯ ಕಡೆಗೆ ಬರುವುದಿಲ್ಲ, ರಕ್ತ ನಿಲ್ಲುವುದು ತಡವಾಗುತ್ತದೆ.

ಪ್ಯಾರಾಥೈರಾಯ್ಡ್ ಹಾರ್ಮೋನ್ ವರ್ಷಗಟ್ಟಲೆ ಏರಿಯೇ ಇದ್ದರೆ ದವಡೆ ಎಲುಬಿನ ಸುಣ್ಣ ಕರಗಿರುತ್ತದೆ. ಆದ್ದರಿಂದ ಮೊದಲು ಓಪಿಜಿ (ಇಡೀ ದವಡೆ ಒಟ್ಟಿಗೆ ಕಾಣುವ) ಎಕ್ಸ್‌ರೇ ತೆಗೆಸಿ. ಹಾಗೆ ತೆಳುವಾದ ಕೆಳದವಡೆಯಲ್ಲಿ ಬಲ ಹಾಕಿ ಕೀಳಲು ಹೋದರೆ ಎಲುಬೇ ಮುರಿಯಬಹುದು. ಬೇರುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆಯುವುದು ಕ್ಷೇಮ. ಎಲುಬಿಗೆಂದು ಡೆನೊಸುಮ್ಯಾಬ್ ಅಥವಾ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಎಂದಾದರೂ ಕೊಟ್ಟಿದ್ದರೆ ಕೀಳುವ ಮೊದಲೇ ಹೇಳಬೇಕು. ಅದನ್ನು ತೆಗೆದುಕೊಂಡವರಲ್ಲಿ ಕಿತ್ತ ಜಾಗದ ಎಲುಬು ಮುಚ್ಚಿಕೊಳ್ಳದೆ ಸತ್ತು ಹೊರಗೆ ಕಾಣುವ ತೊಂದರೆ ಇದೆ.

ಕುರ್ಚಿಯಲ್ಲಿ: ಬಿಪಿ ಪಟ್ಟಿ, ಸೂಜಿ, ಡ್ರಿಪ್ ಎಲ್ಲವೂ ಬಲಗೈಗೆ. ಎಡಗೈಯನ್ನು ದಿಂಬಿನ ಮೇಲೆ ಸಡಿಲವಾಗಿ ಇಡಿ, ತೋಳು ಬಿಗಿಯಾದ ಅಂಗಿ ಬೇಡ. ಎದ್ದ ಮೇಲೆ ಫಿಸ್ಟುಲಾ ಮುಟ್ಟಿ ಝುಂಝುಂ ಎನ್ನುತ್ತಿದೆಯೇ ನೋಡಿ. ಬಿಪಿ 180/110 ದಾಟಿದ್ದರೆ ಆ ದಿನ ಬಿಟ್ಟುಬಿಡುವುದೇ ಸರಿ, ಹಾಗಾಗಿ ಬೆಳಗಿನ ಬಿಪಿ ಮಾತ್ರೆ ಎಂದಿನಂತೆ ತೆಗೆದುಕೊಂಡೇ ಬರಬೇಕು. ಮರಗಟ್ಟಿಸಲು ಲಿಗ್ನೋಕೇನ್ ಸಮಸ್ಯೆಯಲ್ಲ, ಅದನ್ನು ಕರಗಿಸುವುದು ಲಿವರ್. ಜೊತೆಗಿರುವ ಅಡ್ರಿನಾಲಿನ್ ಮಾತ್ರ ಹೃದಯದ ತೊಂದರೆ ಇರುವವರಿಗೆ ಒಟ್ಟು 40 ಮೈಕ್ರೋಗ್ರಾಂ ಮೀರಬಾರದು. 1:80,000 ಬಲದ 1.8 ಮಿಲಿ ಕಾರ್ಟ್ರಿಜ್ ಒಂದರಲ್ಲಿ 22.5 ಮೈಕ್ರೋಗ್ರಾಂ ಇರುತ್ತದೆ. ಅಂದರೆ ಪೂರ್ತಿ ಎರಡು ಕೂಡ ಹಿಡಿಸುವುದಿಲ್ಲ.

ಒಂದು ಸಲಕ್ಕೆ ಒಂದೇ ಹಲ್ಲು. ಕಿತ್ತ ಗುಳಿಯೊಳಗೆ ಜೆಲಟಿನ್ ಸ್ಪಂಜು ಅಥವಾ ಆಕ್ಸಿಡೈಸ್ಡ್ ಸೆಲ್ಯುಲೋಸ್ ಇಟ್ಟು, ಮೇಲೆ ಅಡ್ಡಡ್ಡ ಹೊಲಿಗೆ ಹಾಕಿ, ಅರ್ಧ ಗಂಟೆ ಗಾಜ್ (ಗಾಯಕ್ಕೆ ಬಳಸುವ ಜಾಳು ಬಟ್ಟೆ) ಕಚ್ಚಿಸಿ, ರಕ್ತ ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮನೆಗೆ ಕಳಿಸಬೇಕು. ಹೊಲಿಗೆ "ಬೇಕಾದರೆ ಹಾಕೋಣ" ಅನ್ನುವ ಮಾತು ಇವರಿಗೆ ಸಲ್ಲದು.

ಒಂದು ಎಚ್ಚರ. ಬುಧವಾರಕ್ಕೆ ಕಾಯುವುದು ಈಗಿನ ಸ್ಥಿತಿಗೆ ಮಾತ್ರ. ಗದ್ದದ ಕೆಳಗೆ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ಚಳಿಜ್ವರ, ಇವುಗಳಲ್ಲಿ ಒಂದು ಕಂಡರೂ ದಿನ ನೋಡಬೇಡಿ. ಐಸಿಯು ಇರುವ ಆಸ್ಪತ್ರೆಗೆ ಅದೇ ಹೊತ್ತಿಗೆ ಹೋಗಿ. ಕೀವು ಕತ್ತಿನ ಕಡೆ ಇಳಿದರೆ ಉಸಿರಿನ ದಾರಿಯೇ ಮುಚ್ಚುತ್ತದೆ.

ಡಯಾಲಿಸಿಸ್_ಟೆಕ್ನಿಷಿಯನ್

ಸರ್ಜನ್ ಮೇಡಂ ಹೇಳಿದ್ದಕ್ಕೆ ಸೇರಿಸಬೇಕಾದದ್ದು ಗುರುವಾರದ ಡಯಾಲಿಸಿಸ್. ಹೆಚ್ಚಿನವರು ಎಡವುವುದು ಇಲ್ಲೇ. ಹಲ್ಲು ಕಿತ್ತ ದಿನ ಎಲ್ಲ ಸರಿಯಾಗಿರುತ್ತದೆ. ಮರುದಿನ ಘಟಕದಲ್ಲಿ ಯಾರಿಗೂ ಹೇಳದೆ ಮಲಗುತ್ತಾರೆ, ಎಂದಿನಂತೆ ಹೆಪಾರಿನ್ ಹೋಗುತ್ತದೆ, ಎಳೆಯ ಹೆಪ್ಪು ಕಳಚಿ ಮಧ್ಯಾಹ್ನ ಬಾಯಿ ತುಂಬ ರಕ್ತ.

ಆದ್ದರಿಂದ ದಂತ ವೈದ್ಯರ ಚೀಟಿಯಲ್ಲಿ "ಬುಧವಾರ ಹಲ್ಲು ತೆಗೆಯಲಾಗಿದೆ, ಹೊಲಿಗೆ ಇದೆ, ಮುಂದಿನ ಡಯಾಲಿಸಿಸ್ ಹೆಪಾರಿನ್ ಇಲ್ಲದೆ ಮಾಡಿ" ಎಂದು ಬರೆಸಿ. ಅದನ್ನು ಬುಧವಾರವೇ ಘಟಕಕ್ಕೆ ತಲುಪಿಸಿ, ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಸಹಿ ಹಾಕಿದರೇ ನಾವು ಹೆಪಾರಿನ್ ಬಿಡಲು ಸಾಧ್ಯ. ಹೆಪಾರಿನ್ ಇಲ್ಲದೆ ಮಾಡುವಾಗ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ 100ರಿಂದ 200 ಮಿಲಿ ಸಲೈನ್ ಹಾಯಿಸಿ ಡಯಲೈಸರ್ (ರಕ್ತ ಸೋಸುವ ಕೊಳವೆ) ತೊಳೆಯುತ್ತೇವೆ, ಆ ನೀರನ್ನೂ ಕೊನೆಗೆ ತೆಗೆಯಬೇಕಾದ ತೂಕಕ್ಕೆ ಸೇರಿಸುತ್ತೇವೆ. ರಕ್ತದ ಹರಿವು ಚೆನ್ನಾಗಿರಬೇಕು. ಆದರೂ ಕೆಲವೊಮ್ಮೆ ಡಯಲೈಸರ್ ಕಟ್ಟಿಕೊಂಡು ಬದಲಿಸಬೇಕಾಗುತ್ತದೆ. ಒಬ್ಬರು ಪಕ್ಕದಲ್ಲೇ ನಿಲ್ಲಬೇಕಾದ ಕೆಲಸ, ಹಾಗಾಗಿ ಮುಂಚೆ ತಿಳಿಸಿದರೆ ಪಾಳಿ ಹೊಂದಿಸಿಕೊಳ್ಳುತ್ತೇವೆ. ಶನಿವಾರ ಹೆಪಾರಿನ್ ಎಷ್ಟು ಕೊಡಬೇಕೆಂದು ಗಾಯ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಹಲ್ಲು ಕೀಳಿಸಿದ್ದಕ್ಕಾಗಿ ಡಯಾಲಿಸಿಸ್ ತಪ್ಪಿಸಬೇಡಿ. ತಪ್ಪಿಸಿದರೆ ಕಲ್ಮಶ ಏರಿ ರಕ್ತ ಇನ್ನಷ್ಟು ಸೋರುತ್ತದೆ.

ಫಾರ್ಮಸಿಸ್ಟ್_ಅಕ್ಕ

ಮಾತ್ರೆಗಳ ವಿಷಯ ನಾನು ಹೇಳುತ್ತೇನೆ.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. 500 ಅಥವಾ 650 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ, ದಿನಕ್ಕೆ 3 ಗ್ರಾಂ ಮೀರದಂತೆ. ಹಲ್ಲುನೋವಿಗೆಂದು ಅಂಗಡಿಯಲ್ಲಿ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಜೋಡಿ ಮಾತ್ರೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ, ಝೆರೊಡಾಲ್-ಪಿಯಲ್ಲಿ ಅಸೆಕ್ಲೋಫೆನಾಕ್ ಇದೆ. ಡೈಕ್ಲೋಫೆನಾಕ್, ಕೆಟೊರೊಲ್ಯಾಕ್ ಕೂಡ ಅದೇ ಬಳಗ. ಇವು ಪ್ಲೇಟ್‌ಲೆಟ್‌ಗಳನ್ನು ಮತ್ತಷ್ಟು ಸೋಮಾರಿ ಮಾಡುತ್ತವೆ, ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ, ಇನ್ನೂ ಸ್ವಲ್ಪ ಮೂತ್ರ ಹೋಗುತ್ತಿರುವವರಲ್ಲಿ ಅದನ್ನೂ ನಿಲ್ಲಿಸಿಬಿಡಬಹುದು. ಪಟ್ಟಿಯ ಹಿಂಬದಿ ಓದಿ, ಪ್ಯಾರಾಸಿಟಮಾಲ್ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಅದಕ್ಕೂ ನೋವು ತಗ್ಗದಿದ್ದರೆ ನೆಫ್ರಾಲಜಿಸ್ಟರನ್ನು ಕೇಳಿ, ಟ್ರಮಡಾಲ್ ಥರದ್ದನ್ನು ನೀವಾಗಿ ಶುರು ಮಾಡಬೇಡಿ.

ಆಂಟಿಬಯಾಟಿಕ್ ಎಲ್ಲ ಹಲ್ಲಿಗೂ ಬೇಕೆಂದಿಲ್ಲ. ಫಿಸ್ಟುಲಾ ಇದೆ ಎಂಬ ಒಂದೇ ಕಾರಣಕ್ಕೆ ಮುಂಚಿತ ಡೋಸ್ ಬೇಕಿಲ್ಲ. ಕೃತಕ ಕವಾಟ ಇರುವವರಿಗೆ, ಹಿಂದೆ ಹೃದಯದ ಒಳಪದರಕ್ಕೆ ಸೋಂಕು ಆಗಿದ್ದವರಿಗೆ ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಕೊಡುತ್ತಾರೆ. ಕೀವಿದ್ದು ಕೋರ್ಸ್ ಬರೆದರೆ ಪ್ರಮಾಣ ನೋಡಿ. ಎಲ್ಲರಿಗೂ ದಿನಕ್ಕೆ ಮೂರು ಸಲ ಬರೆಯುವ ಅಮಾಕ್ಸಿಸಿಲಿನ್ 500 ಇವರಿಗೆ 24 ಗಂಟೆಗೊಮ್ಮೆ ಸಾಕಾಗುತ್ತದೆ; ಕ್ಲಾವುಲನೇಟ್ ಸೇರಿದ 625 ಕೂಡ ಹಾಗೆಯೇ. ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಎರಡೂ ಡಯಾಲಿಸಿಸ್‌ನಲ್ಲಿ ತೊಳೆದು ಹೋಗುವುದರಿಂದ ಆ ದಿನದ ಮಾತ್ರೆ ಡಯಾಲಿಸಿಸ್ ಮುಗಿದ ಮೇಲೆ. ಬೆಳಿಗ್ಗೆ ನುಂಗಿ ಮಲಗಿದರೆ ಯಂತ್ರಕ್ಕೆ ಹಾಕಿದ ಹಾಗೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಸೋಂಕಿಗೆ ಬರೆಯುವ ಕ್ಲಿಂಡಮೈಸಿನ್‌ಗೆ ಈ ಲೆಕ್ಕವಿಲ್ಲ, ಆದರೆ ಭೇದಿ ಶುರುವಾದರೆ ನಿಲ್ಲಿಸಿ ತಿಳಿಸಬೇಕು.

ರಕ್ತ ನಿಲ್ಲಿಸಲು ಟ್ರಾನೆಕ್ಸಾಮಿಕ್ ಆಸಿಡ್. ಇದನ್ನು ಬಾಯಿಯಲ್ಲಿ ಹಿಡಿದು ಉಗುಳಬೇಕು, ನುಂಗಬಾರದು. ಇದು ಹೊರಹೋಗುವುದು ಕಿಡ್ನಿಯಿಂದ, ಇವರಲ್ಲಿ ಶೇಖರವಾಗಿ ಫಿಟ್ಸ್ ಬರಬಹುದು. 5 ಮಿಲಿ ಇಂಜೆಕ್ಷನ್ ಸೀಸೆಯಲ್ಲಿ 500 ಮಿಲಿಗ್ರಾಂ ಇರುತ್ತದೆ, ಅದಕ್ಕೆ 5 ಮಿಲಿ ಕುದಿಸಿ ಆರಿಸಿದ ನೀರು ಬೆರೆಸಿದರೆ ಶೇಕಡ 5ರ ದ್ರಾವಣ. ದಂತ ವೈದ್ಯರು ಬರೆದುಕೊಟ್ಟರೆ ಎರಡು ನಿಮಿಷ ಗಾಯದ ಕಡೆ ಹಿಡಿದು ಉಗುಳುವುದು, ದಿನಕ್ಕೆ ನಾಲ್ಕು ಸಲ, ಎರಡು ದಿನ. ಜೋರಾಗಿ ಮುಕ್ಕಳಿಸಬಾರದು, ಹೆಪ್ಪು ಕಿತ್ತುಬರುತ್ತದೆ.

ತುಂಗಾತೀರ

ತುಂಬ ಉಪಕಾರವಾಯಿತು. ಎರಡು ಅನುಮಾನ ಉಳಿದಿವೆ. ಅಗಿಯಲಾಗದ ಎರಡು ದಿನ ಊಟಕ್ಕೆ ಏನು? ಮನೆಯಲ್ಲಿ ಎಳನೀರು, ರಾಗಿ ಗಂಜಿ ಕೊಡೋಣ ಅನ್ನುತ್ತಿದ್ದಾರೆ. ಇನ್ಸುಲಿನ್ ಎಂದಿನಷ್ಟೇ ಕೊಡಬೇಕೇ?

ಫಾರ್ಮಸಿಸ್ಟ್_ಅಕ್ಕ

ಎಳನೀರು ಖಂಡಿತ ಬೇಡ. ಒಂದು ಎಳನೀರಿನಲ್ಲೇ 500 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಶಿಯಂ ಇರುತ್ತದೆ. ಹಣ್ಣಿನ ರಸ, ಬಾಳೆಹಣ್ಣು, ತರಕಾರಿ ಸೂಪ್ ಕೂಡ ಅದೇ ತೊಂದರೆ. ಮೃದು ಆಹಾರ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಕೈಗೆ ಬರುವುದು ಇವೇ, ಹೃದಯದ ಬಡಿತ ಹದಗೆಡಿಸುವುದೂ ಇವೇ. ರಾಗಿಯಲ್ಲಿ ಪೊಟ್ಯಾಶಿಯಂ, ರಂಜಕ ಎರಡೂ ಅಕ್ಕಿಗಿಂತ ಹೆಚ್ಚು. ಅಕ್ಕಿ ಗಂಜಿ, ರವೆ ಗಂಜಿ, ಇಡ್ಲಿಯನ್ನು ನೆನೆಸಿ, ಮೆತ್ತಗೆ ಕಲಸಿದ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿಭಾಗ ಕೊಡಿ. ಎಲ್ಲವೂ ಆರಿರಲಿ. ಗಂಜಿಯ ನೀರು, ಐಸ್‌ಕ್ರೀಮ್ ಎಲ್ಲವನ್ನೂ ದಿನದ ನೀರಿನ ಮಿತಿಯೊಳಗೇ ಲೆಕ್ಕ ಹಿಡಿಯಿರಿ. ಸ್ಟ್ರಾ ಬೇಡ.

ಉಪ್ಪುನೀರಿನ ಮುಕ್ಕಳಿಕೆ 24 ಗಂಟೆ ಕಳೆದ ಮೇಲೆ, ನುಂಗದೆ. "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪು ಬೇಡ, ಅದರಲ್ಲಿರುವುದು ಪೊಟ್ಯಾಶಿಯಂ ಕ್ಲೋರೈಡ್.

ಕಿಡ್ನಿ ಇಲ್ಲದವರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಊಟ ಅರ್ಧವಾಗಿ ಇನ್ಸುಲಿನ್ ಪೂರ್ತಿಯಾದರೆ ನಡುರಾತ್ರಿ ಸಕ್ಕರೆ ಕುಸಿಯುತ್ತದೆ. ಆ ಎರಡು ದಿನದ ಪ್ರಮಾಣವನ್ನು ಮುಂಚೆಯೇ ವೈದ್ಯರಿಂದ ಬರೆಸಿಕೊಳ್ಳಿ, ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ನೋಡಿ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಚೆನ್ನಾಗಿದೆ ಎಂದು ನೆಚ್ಚಿಕೊಳ್ಳಬೇಡಿ, ಡಯಾಲಿಸಿಸ್‌ನವರಲ್ಲಿ ಕೆಂಪು ಕಣಗಳ ಆಯಸ್ಸು ಕಡಿಮೆಯಾದ್ದರಿಂದ ಅದು ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ದವಡೆ_ಸರ್ಜನ್

ರಕ್ತದ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಎಂಜಲು ನಸುಗೆಂಪಾಗಿ ಒಂದು ದಿನ ಬರುವುದು ಸಹಜ. ಬಾಯಲ್ಲಿ ಕೆಂಪು ರಕ್ತ ತುಂಬಿಕೊಳ್ಳುತ್ತಿದ್ದರೆ ನೇರ ಕೂರಿಸಿ, ದಪ್ಪ ಗಾಜ್ ಮಡಿಸಿ ಗಾಯದ ಮೇಲೇ ಇಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಸಿ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬಾರದು. ನಿಲ್ಲದಿದ್ದರೆ ಮೇಲೆ ಹೇಳಿದ ಟ್ರಾನೆಕ್ಸಾಮಿಕ್ ದ್ರಾವಣದಲ್ಲಿ ಗಾಜ್ ಅದ್ದಿ ಇನ್ನೊಂದು ಸಲ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ಅಲ್ಲಿ ಹೊಲಿಗೆ ಬಿಗಿ ಮಾಡುತ್ತಾರೆ. ಅಗತ್ಯವಿದ್ದರೆ ಡೆಸ್ಮೋಪ್ರೆಸಿನ್ ಅನ್ನು ಕೆಜಿ ತೂಕಕ್ಕೆ 0.3 ಮೈಕ್ರೋಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ, ಸುಮಾರು ಒಂದು ಗಂಟೆಯಲ್ಲಿ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳತೊಡಗುತ್ತವೆ. ರಕ್ತ ನುಂಗದೆ ಉಗುಳಲಿ, ಹೊಟ್ಟೆಗೆ ಹೋದ ರಕ್ತ ಜೀರ್ಣವಾಗಿ ಯೂರಿಯಾ, ಪೊಟ್ಯಾಶಿಯಂ ಏರಿಸುತ್ತದೆ.

ಇನ್ನೊಂದು ಮಾತು. ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ (ಕರ್ನಾಟಕದ ಅಂಗಾಂಗ ದಾನ ಸಂಸ್ಥೆ) ಹೆಸರು ನೋಂದಾಯಿಸುವ ಯೋಚನೆಯಿದ್ದರೆ, ಈ ಹಲ್ಲಿನ ಜೊತೆಗೇ ಉಳಿದ ಹಲ್ಲು, ಒಸಡುಗಳನ್ನೂ ತಪಾಸಣೆ ಮಾಡಿಸಿ. ಕಸಿಗೆ ಮುನ್ನ ಬಾಯಲ್ಲಿ ಸೋಂಕಿಲ್ಲವೆಂದು ದಂತ ವೈದ್ಯರ ಪತ್ರ ಕೇಳುತ್ತಾರೆ. ಕಸಿಯಾದ ಮೇಲೆ ಮೊದಲ ಕೆಲವು ತಿಂಗಳು ರೋಗನಿರೋಧಕ ಶಕ್ತಿಯನ್ನು ಬಹಳ ತಗ್ಗಿಸಿರುತ್ತಾರೆ, ಆಗ ತುರ್ತಲ್ಲದ ಹಲ್ಲಿನ ಕೆಲಸ ಮುಂದೂಡುತ್ತೇವೆ. ಮೇಲಾಗಿ ಆಗ ಟ್ಯಾಕ್ರೊಲಿಮಸ್ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಮಾತ್ರೆ) ನಡೆಯುತ್ತಿದ್ದರೆ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಫ್ಲುಕೊನಜೋಲ್ ಬರೆಯುವಂತಿಲ್ಲ ಅನ್ನುವಷ್ಟು ಎಚ್ಚರ ಬೇಕು, ಟ್ಯಾಕ್ರೊಲಿಮಸ್ ಮಟ್ಟ ಏರಿ ಹೊಸ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಉಳಿಸಬಹುದಾದ ಹಲ್ಲುಗಳಿಗೆ ರೂಟ್ ಕೆನಾಲ್ ಈಗಲೇ ಮುಗಿಸಿಕೊಳ್ಳಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಒಂದೊಂದಾಗಿ.