ಹೆಂಚಿನ ಮಣ್ಣಿನ ಮನೆಯ ಹಿಂದೆ ಒಂದು ಕೋಣೆ: ತಾರಸಿ ಬೇಡವೆಂದರೆ ದಾರಿ ಯಾವುದು?

ಹಿತ್ತಿಲಬಾಗಿಲು (ಪ್ರಶ್ನೆ):
ಸಾಗರ ತಾಲ್ಲೂಕಿನ ಹಳ್ಳಿಮನೆ. 18 ಇಂಚು ದಪ್ಪದ ಮಣ್ಣಿನ ಗೋಡೆ, ಎರಡಡಿ ಆಳದ ಕಲ್ಲಿನ ಪಾಯ, ಮಂಗಳೂರು ಹೆಂಚು. ಅಪ್ಪ-ಅಮ್ಮ ಮೆಟ್ಟಿಲು ಹತ್ತಿಳಿಯದೆ ಇರುವಂತೆ ಹಿಂಭಾಗದಲ್ಲಿ 12×14 ಅಡಿಯ ಕೋಣೆ, ಅದಕ್ಕೆ ತಾಗಿದಂತೆ ಬಚ್ಚಲು ಬೇಕು. ಹಿಂದಿನ ಸೂರು ನೆಲದಿಂದ 8 ಅಡಿ ಎತ್ತರದಲ್ಲಿದೆ. ಆ ಗೋಡೆಯಲ್ಲಿ ಮೂರಡಿ ಅಗಲದ ಕಿಟಕಿಯೊಂದಿದೆ. ಹಿಂಗೋಡೆ ಒಡೆದು, ಹೊಸ ಕಾಂಕ್ರೀಟ್ ತಾರಸಿಯನ್ನು ಮಣ್ಣಿನ ಗೋಡೆಯೊಳಗೆ ಆರಿಂಚು ಕೂರಿಸಿದರೆ ಸಾಕು ಎನ್ನುತ್ತಾರೆ ಕಾಂಟ್ರಾಕ್ಟರ್. ನನಗೆ ಒಪ್ಪಿಗೆಯಿಲ್ಲ. ಹಳೆಯ ಮಾಡನ್ನೇ (ಹೆಂಚಿನ ಚಾವಣಿಯನ್ನೇ) ಮುಂದಕ್ಕೆ ಇಳಿಸಬಹುದೇ? ಗೋಡೆಗೆ ಏನು ಬಳಸಲಿ?

ಪಕಾಸು-ರೀಪು:
ನಿಮ್ಮ ಅನುಮಾನ ಸರಿ. ತಾರಸಿಯ ಅಂಚು ಮಣ್ಣಿನ ಗೋಡೆಯ ಮೇಲೆ ಕುಳಿತರೆ ಭಾರವೆಲ್ಲ ಒಂದೇ ಗೆರೆಯಲ್ಲಿ ಬೀಳುತ್ತದೆ, ಅಲ್ಲಿ ಮಣ್ಣು ಪುಡಿಯಾಗುತ್ತದೆ. ಜೊತೆಗೆ ಹಳೆಯ ಪಾಯ ಕುಸಿಯುವಷ್ಟು ಕುಸಿದು ನಿಂತಿದೆ, ಹೊಸದು ಇನ್ನು ಮೇಲೆ ಕುಸಿಯಬೇಕು. ಎರಡನ್ನೂ ಬಿಗಿದರೆ ಮೊದಲ ಮಳೆಗಾಲದಲ್ಲೇ ಕೂಡುವ ಜಾಗ ಬಿರುಕು ಬಿಡುತ್ತದೆ, ನೀರು ಅಲ್ಲಿಂದಲೇ ಗೋಡೆಯೊಳಕ್ಕೆ ಇಳಿಯುತ್ತದೆ.

ಮಾಡನ್ನು ಮುಂದಕ್ಕೆ ಇಳಿಸುವುದೂ ಆಗದು. ಹೆಂಚಿಗೆ ಕಡಿಮೆಯೆಂದರೂ 27 ಡಿಗ್ರಿ ಇಳಿಜಾರು ಬೇಕು, ಅಂದರೆ ಎರಡಡಿಗೆ ಒಂದಡಿ ಇಳಿತ. 8 ಅಡಿಯಿಂದ ಶುರುವಾದ ಮಾಡು 16 ಅಡಿ ಹೋಗುವಷ್ಟರಲ್ಲಿ ನೆಲ ಮುಟ್ಟುತ್ತದೆ. ಇಳಿಜಾರು ಕಡಿಮೆ ಮಾಡಿದರೆ ಗಾಳಿಮಳೆಯಲ್ಲಿ ನೀರು ಹೆಂಚಿನಡಿ ಹಿಂದಕ್ಕೆ ನುಗ್ಗುತ್ತದೆ.

ಹಾಗಾಗಿ ಕೋಣೆ ತನ್ನ ಪಾಯದ ಮೇಲೆ ತಾನೇ ನಿಲ್ಲಲಿ. ಹಳೆಯ ಗೋಡೆಯಿಂದ 4 ಅಡಿ ದೂರ ಬಿಡಿ, ನಡುವೆ ಒಂದು ಸಣ್ಣ ಓಣಿ ಇರಲಿ. ಹೊಸ ಪಾಯ ಹಳೆಯದಕ್ಕಿಂತ ಎಷ್ಟು ಹೆಚ್ಚು ಆಳವೋ ಕನಿಷ್ಠ ಅಷ್ಟು ದೂರ ಇರಲೇಬೇಕು. ನೀವು ಮೂರಡಿ ತೋಡಿದರೂ ವ್ಯತ್ಯಾಸ ಒಂದಡಿ, ನಾಲ್ಕಡಿ ಧಾರಾಳ. ಡಿಸೆಂಬರ್-ಮಾರ್ಚ್ ನಡುವೆ ತೋಡಿ, ತೋಡಿದ ಗುಂಡಿಯನ್ನು ತೆರೆದು ಬಿಡಬೇಡಿ.

ಮಾಡಿನ ದಿಕ್ಕು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಹೊಸ ಮಾಡಿನ ತ್ರಿಕೋನದ ಗೋಡೆ ಹಳೆಯ ಮನೆಗೆ ಮುಖ ಮಾಡಿರಲಿ. ಆಗ ಹೊಸ ಮಾಡಿನ ನೀರು ಎಡಕ್ಕೂ ಬಲಕ್ಕೂ ಹೋಗುತ್ತದೆ, ಎರಡು ಮನೆಗಳ ನಡುವೆ ಬೀಳುವುದಿಲ್ಲ. ಎರಡು ಮಾಡು ಕೂಡುವ ಕಡೆ ನೀರು ಹರಿಯಲು ದೋಣಿಯಾಕಾರದ ತಗಡು, ಅಂದರೆ ದೋಣಿ, ಹಾಕುವ ಪ್ರಮೇಯವೇ ಬರದು. ಮಲೆನಾಡಿನಲ್ಲಿ ಸೋರುವ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಈ ದೋಣಿಯನ್ನೇ: ತರಗೆಲೆ ಕಟ್ಟಿಕೊಂಡು ನೀರು ಉಕ್ಕುತ್ತದೆ.

12 ಅಡಿ ಅಗಲಕ್ಕೆ 30 ಡಿಗ್ರಿ ಇಟ್ಟರೆ ಮಾಡಿನ ನೆತ್ತಿ ಗೋಡೆಯಿಂದ ಸುಮಾರು ಮೂರೂವರೆ ಅಡಿ ಮೇಲೆ ಬರುತ್ತದೆ. 8 ಅಡಿ ಗೋಡೆ ಕಟ್ಟಿದರೂ ಹಳೆಯ ಮನೆಯ ನೆತ್ತಿಗಿಂತ ತಗ್ಗಾಗಿಯೇ ಉಳಿಯುತ್ತದೆ, ನೋಟಕ್ಕೂ ಅದೇ ಚೆನ್ನ.

ಓಣಿಯ ಚಾವಣಿಗೆ ಮಡಿಕೆಯ ಲೋಹದ ಶೀಟು ಸಾಕು. ಹಳೆಯ ಸೂರಿನ ಕೆಳಗೆ ನುಗ್ಗಿಸಿ, ಹತ್ತಡಿಗೆ ಒಂದಡಿ ಲೆಕ್ಕದಲ್ಲಿ ಪಕ್ಕಕ್ಕೆ ಇಳಿಸಿ. ಹಳೆಯ ಗೋಡೆ ಕಡೆಗೂ ಬೇಡ, ಹೊಸ ಗೋಡೆ ಕಡೆಗೂ ಬೇಡ. ಅದರ ಮೇಲಿನ ಸೂರಿಗೆ ಆರಿಂಚಿನ ತಗಡಿನ ನೀರುಗಾಲುವೆ ಕಟ್ಟಿ, ಓಣಿಯ ಎರಡೂ ಬದಿಗೆ ಎರಡಡಿ ಆಚೆಗೂ ಚಾಚಿರಲಿ.

ಬಾಗಿಲಿಗೆಂದು ಹಳೆಯ ಗೋಡೆಯನ್ನು ಬೇರೆ ಕಡೆ ಒಡೆಯಬೇಡಿ, ಆ ಕಿಟಕಿಯನ್ನೇ ಬಾಗಿಲು ಮಾಡಿ. ಮೇಲಿನ ತೊಲೆ ಎರಡೂ ಕಡೆ ಕನಿಷ್ಠ 9 ಇಂಚು ಗೋಡೆಯ ಮೇಲೆ ಕುಳಿತಿದೆಯೇ, ಗೆದ್ದಲು ತಿಂದಿದೆಯೇ ನೋಡಿ. ತೊಲೆಗೆ ಆಸರೆ ಕೊಟ್ಟ ಮೇಲೆ ಕಿಟಕಿಯ ಕೆಳಭಾಗವನ್ನು ಮೇಲಿನಿಂದ ಆರಾರು ಇಂಚಿನಂತೆ ಉಳಿಯಿಂದ ಕತ್ತರಿಸಿ ಇಳಿಸಿ. ಬ್ರೇಕರ್ ಯಂತ್ರ ತರಿಸಲೇಬೇಡಿ, ಅದರ ಅದುರಿಗೆ ಪಕ್ಕದ ಗೋಡೆಯೂ ಸಡಿಲವಾಗುತ್ತದೆ.

ಕೆಮ್ಮಣ್ಣು:
ಗೋಡೆಗೆ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ ಬಳಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ವರ್ಷಗಟ್ಟಲೆ ಕೆಲಸ ಮಾಡಿ ಪಳಗಿಸಿದ ವಿಧಾನ ಇದು. ಸುಡುವ ಸೌದೆ ಉಳಿಯುತ್ತದೆ, ಪಾಯ ತೋಡಿದ ಮಣ್ಣೂ ಬಳಕೆಗೆ ಬರುತ್ತದೆ. ಮೇಲಿನ ಒಂದಡಿ ಕಪ್ಪು ಮಣ್ಣು ಮಾತ್ರ ಬೇಡ, ಅದರಲ್ಲಿ ಬೇರು, ಗೊಬ್ಬರ ಇರುತ್ತದೆ.

ನಮ್ಮ ಕಡೆಯ ಕೆಮ್ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಹೆಚ್ಚು. ಹಾಗೇ ಒತ್ತಿದರೆ ಒಣಗುವಾಗ ಸೀಳುತ್ತದೆ. ಮರಳು ಅಥವಾ ಕ್ರಷರ್ ಪುಡಿ ಬೆರೆಸಿ ಜೇಡಿಯ ಪಾಲನ್ನು ಶೇ. 15ರ ಸುತ್ತ ತನ್ನಿ. ಸಿಮೆಂಟು ತೂಕದಲ್ಲಿ ಶೇ. 7. 230×190×100 ಮಿಲಿಮೀಟರ್ ಅಳತೆಯ ಇಟ್ಟಿಗೆಯಾದರೆ, ಬಚ್ಚಲೂ ಸೇರಿ 12×20 ಅಡಿಯ ಕಟ್ಟಡಕ್ಕೆ ಸುಮಾರು 2,100 ಬೇಕು, ಸಿಮೆಂಟು 23-24 ಚೀಲ. ನೆರಳಿನಲ್ಲಿ ಜೋಡಿಸಿ, ಹುಲ್ಲು ಮುಚ್ಚಿ, 21 ದಿನ ನೀರುಣಿಸಿ. ಕೆಲಸ ಕೆಡುವುದು ಬಹುಪಾಲು ಇಲ್ಲೇ: ವಾರಕ್ಕೇ ಗೋಡೆಗೆ ಏರಿಸಿದ ಇಟ್ಟಿಗೆಯ ಅಂಚು ಬೆರಳಿಗೆ ಉದುರುತ್ತದೆ. ಕಟ್ಟಲು 1:2:6ರ ಸಿಮೆಂಟು-ಮಣ್ಣು-ಮರಳಿನ ಗಾರೆ ಸಾಕು. ನೆಲದಿಂದ ಒಂದೂವರೆ ಅಡಿವರೆಗೆ ಕಲ್ಲಿನ ಗೋಡೆ, ಮೇಲೆ ಎರಡೂವರೆ ಅಡಿ ಚಾಚಿದ ಸೂರು, ಎರಡೂ ಇರಲಿ.

ಸೂರಿನ ಚಾಚು ಸೇರಿ ಮಾಡು ಸುಮಾರು 500 ಚದರಡಿ ಆಗುತ್ತದೆ, ಒಡಕೂ ಸೇರಿ 750 ಹೆಂಚು. ಹಳೆಯ ಹೆಂಚು ಕೊಳ್ಳುವುದಾದರೆ ಬೇರೆ ಬೇರೆ ಕಾರ್ಖಾನೆಯವನ್ನು ಬೆರೆಸಬೇಡಿ, ತೋಡು ಒಂದಕ್ಕೊಂದು ಕೂರುವುದಿಲ್ಲ. ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ನಿಮ್ಮ ಕೈಯಲ್ಲಿರುವ ಹೆಂಚನ್ನೇ ಜೋಡಿಸಿ ಅಳೆದುಕೊಳ್ಳಿ.

ಹಿತ್ತಿಲಬಾಗಿಲು:
ತುಂಬಾ ಉಪಕಾರ. ಇನ್ನೊಂದು ವಿಷಯ: ಹಳೆಯ ಹಿಂಗೋಡೆ ಬುಡದಿಂದ ಎರಡಡಿವರೆಗೆ ಯಾವಾಗಲೂ ತೇವ. ಅದು ಓಣಿಯೊಳಗೆ ಬರುವುದರಿಂದ ಸಿಮೆಂಟ್ ಗಿಲಾವು ಮಾಡಿ ಟೈಲ್ಸ್ ಹಾಕಿಸಲೇ?

ಸುಣ್ಣದಗಾರೆ:
ದಯವಿಟ್ಟು ಬೇಡ. ನೆಲದ ತೇವ ಗೋಡೆಗೆ ಏರುತ್ತಲೇ ಇರುತ್ತದೆ, ಮೈಯಿಂದ ಆರಿ ಹೋಗುತ್ತಿರುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಎರಡಡಿಯಿಂದ ಮೂರು, ನಾಲ್ಕಡಿಗೆ ಏರುತ್ತದೆ, ಗಿಲಾವಿನ ಹಿಂದೆ ಮಣ್ಣು ಮೆತ್ತಗಾಗುತ್ತದೆ. ಹೊರಗೆ ನುಣ್ಣಗೆ ಕಾಣುವ ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುವುದು ಇದಕ್ಕೇ.

ಮೊದಲು ಹೊರಗಿನ ನೆಲವನ್ನು ಒಳನೆಲಕ್ಕಿಂತ ಒಂದಡಿ ತಗ್ಗಿಸಿ, ಆದರೆ ಪಾಯದ ಕಲ್ಲು ಬಯಲಾಗದಂತೆ. ಗೋಡೆಯಿಂದ ಎರಡಡಿ ಆಚೆ ಒಂದಡಿ ಅಗಲದ ಚರಂಡಿ ತೋಡಿ 40 ಮಿಲಿಮೀಟರ್ ಜಲ್ಲಿ ತುಂಬಿ, ನೂರಡಿಗೆ ಒಂದಡಿ ಇಳಿಜಾರು. ಓಣಿಯ ಅಡಿಯಲ್ಲಿ ಅದೇ ಇಳಿಜಾರಿಗೆ ಪೈಪು ಹಾಯಿಸಿ. ಒಂದು ಬೇಸಿಗೆ ಒಣಗಲು ಬಿಡಿ. ಆಮೇಲೆ ಸಡಿಲ ಮಣ್ಣು ಕೆರೆದು 1:3 ಸುಣ್ಣ-ಮರಳಿನ ಗಾರೆ ಮೆತ್ತಿ. ಅರಳಿಸಿದ ಸುಣ್ಣ ಕನಿಷ್ಠ ಎರಡು ವಾರ ನೀರಲ್ಲಿ ನೆನೆದಿರಬೇಕು. ಅರಳದ ಹರಳು ಉಳಿದರೆ ಗೋಡೆಯ ಮೇಲೆ ಅರಳಿ ಗುಳಿ ಬೀಳಿಸುತ್ತದೆ. ಒಂದು ಪದರ ಅರ್ಧ ಇಂಚು ಮೀರಬಾರದು, ವಾರವಿಡೀ ಹದವಾಗಿ ತೇವ ಇಡಿ. ಕೈಗವಸು, ಕನ್ನಡಕ ಇಲ್ಲದೆ ಸುಣ್ಣ ಮುಟ್ಟಬೇಡಿ. ಮೇಲೆ ಸುಣ್ಣ ಬಳಿಯಿರಿ, ಪ್ಲಾಸ್ಟಿಕ್ ಬಣ್ಣ ಬೇಡ.

ಬಚ್ಚಲನ್ನು ಹೊಸ ಕೋಣೆಯ ಆ ತುದಿಗೆ ಇಡಿ, ಹಳೆಯ ಗೋಡೆಯಿಂದ ದೂರ. 5×8 ಅಡಿ, ಬಾಗಿಲು ಮೂರಡಿ, ಹೊರಕ್ಕೆ ತೆರೆಯಬೇಕು: ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ದೂಡಲಾಗದು. ಹೊಸ್ತಿಲು ಬೇಡ, ಅರ್ಧ ಇಂಚು ತಗ್ಗು ಸಾಕು. ಕೆಂಪು ರೆಡ್ ಆಕ್ಸೈಡ್ ನೆಲ ಕೋಣೆಗೆ ಚೆಂದ, ಬಚ್ಚಲಿನಲ್ಲಿ ಜಾರುತ್ತದೆ. ಅಲ್ಲಿಗೆ ಒರಟು ಕಡಪ ಕಲ್ಲು ಹಾಕಿಸಿ. ಹಿಡಿಕೆ ಬರುವ ಕಡೆ, ಸುಮಾರು 33 ಇಂಚು ಎತ್ತರದಲ್ಲಿ, ಕಟ್ಟುವಾಗಲೇ ಮಣ್ಣಿನ ಇಟ್ಟಿಗೆ ಬದಲು ಗಟ್ಟಿ ಕಾಂಕ್ರೀಟ್ ಬ್ಲಾಕ್ ಕೂರಿಸಿ. ಆಮೇಲೆ ಕೊರೆದು ಹಾಕಿದ ಬೋಲ್ಟು ಮಣ್ಣಿನಲ್ಲಿ ಸಡಿಲವಾಗಿ, ಭಾರ ಬಿಟ್ಟ ಹೊತ್ತಿಗೇ ಕಿತ್ತು ಬರುತ್ತದೆ. ಶೌಚದ ಗುಂಡಿ ಬಾವಿಯಿಂದ 50 ಅಡಿ ದೂರ, ಬಾವಿಗಿಂತ ತಗ್ಗಿನ ಕಡೆ ಇರಲಿ.