ಸಹಾಯ ಬೇಕು: ಕಲಬುರಗಿ ಧೂಳಿಗೆ ಯಾವ ಏರ್ ಫಿಲ್ಟರ್?

ನನ್ನದು ಹ್ಯುಂಡೈ ಐ20 ಎನ್ ಲೈನ್ ಕಾರು, 1.0 ಲೀಟರ್ ಟರ್ಬೊ ಎಂಜಿನ್. ಓಡಾಟ ಜಾಸ್ತಿ ಸೇಡಂ ರಸ್ತೆಯಲ್ಲಿ. ಸಿಮೆಂಟ್ ಲಾರಿಗಳ ಧೂಳು ಈ ಕಡೆಯವರಿಗೆ ಗೊತ್ತೇ ಇದೆ ಅಲ್ವಾ, ಅದರ ಮೇಲೆ ಮೇ ತಿಂಗಳ ಬಿಸಿಲು.

ಕಂಪನಿಯ ಪೇಪರ್ ಫಿಲ್ಟರ್ ಹೊಸದು ಹಾಕಿಸಿದೆ, ಫಿಲ್ಟರ್ ಕೂರುವ ಏರ್‌ಬಾಕ್ಸ್ ಕ್ಲೀನ್ ಮಾಡಿಸಿದೆ. ಪಿಕಪ್ ಇನ್ನೂ ಚುರುಕಾಗಬೇಕು ಅನ್ನೋ ಆಸೆ. ಅಂಗಡಿಯವರು ಓಪನ್ ಕೋನ್ ಫಿಲ್ಟರ್ (ಬಾಕ್ಸ್ ಇಲ್ಲದೆ ತೆರೆದೇ ಇರುವ ಶಂಕುವಿನಾಕಾರದ್ದು) ಹಾಕಿಸಿ ಅಂತಾರೆ. ಸದ್ದು ಚೆನ್ನಾಗಿರುತ್ತೆ, ನಿಜ. ಆದರೆ ಅದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತೆ. ಬಿಸಿ ಗಾಳಿ ತೆಳು, ಪವರ್ ಬರೋ ಬದಲು ಇಳಿಯಬಹುದು. ಧೂಳು ಒಳಗೆ ನುಗ್ಗಿದರೆ ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊದ ಬ್ಲೇಡ್ ಸವೆಯುತ್ತೆ. ಹಳೇ ಬಾಕ್ಸ್‌ನಲ್ಲೇ ಕೂರುವ ಚಪ್ಪಟೆ ಪ್ಯಾನೆಲ್ ಫಿಲ್ಟರ್ ವಾಸಿ ಅಂತ ನನಗನಿಸುತ್ತೆ. ಆದರೆ ಎಣ್ಣೆ ಹಚ್ಚುವ ಕಾಟನ್‌ನದ್ದಾ, ಎಣ್ಣೆ ಬೇಡದ ಡ್ರೈ ಫಿಲ್ಟರಾ? ಇಲ್ಲೇ ತಲೆ ಓಡುತ್ತಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಟರ್ಬೊ ಕಾರಲ್ಲಿ ಒಂದು ಬೇಸಿಗೆಯಾದರೂ ಓಡಿಸಿದವರು ಹೇಳಿ: ಎರಡರಲ್ಲಿ ಯಾವುದು ಧೂಳು ಚೆನ್ನಾಗಿ ತಡೆಯುತ್ತೆ, ಎಷ್ಟು ಕಿಲೋಮೀಟರ್‌ಗೊಮ್ಮೆ ತೊಳೆಯಬೇಕು?